ಎರಡನೇ ಸೈರನ್

2025ರ ಮೇ 7ರ ಮಧ್ಯಾಹ್ನ ಹಲಸೂರಿನಲ್ಲಿ ಸೈರನ್ ಕೂಗಿತು. ದೇಶದ ತುಂಬ ಅವತ್ತು ಯುದ್ಧದ ಅಣಕು ಕಾರ್ಯಾಚರಣೆ ಇತ್ತು. ನಮ್ಮ ರಾಜ್ಯದಲ್ಲಿ ಬೆಂಗಳೂರು, ಕಾರವಾರ, ರಾಯಚೂರಿನ ಸರದಿ. ನಾನು ಎರಡು ಬೀದಿ ಆಚೆ ಎಳನೀರು ಕುಡಿಯುತ್ತಾ ನಿಂತಿದ್ದೆ. ಬಸ್ಸಿನ ಹಾರ್ನ್ ನಡುವೆ ಅದು ಸಣ್ಣಗೆ ಕೇಳಿಸಿತು. "ಏನ್ ಸಾರ್ ಅದು, ಫ್ಯಾಕ್ಟರಿ ಸೈರನ್ನಾ?" ಅಂದರು ಎಳನೀರಿನವರು. ಊರೆಲ್ಲ ಎಚ್ಚರವಾಗಲಿ ಅಂತ ಕೂಗುವ ಸದ್ದು, ಏನು ಹೇಳುತ್ತಿದೆ ಅಂತ ಪಕ್ಕದಲ್ಲಿದ್ದವರಿಗೇ ಗೊತ್ತಾಗಲಿಲ್ಲ. ಅವತ್ತಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಸೈರನ್ ಹೇಳುವುದು ಎರಡೇ ಮಾತು. ಏರುತ್ತಾ ಇಳಿಯುತ್ತಾ, ಅಳುವ ಹಾಗೆ 2 ನಿಮಿಷ ಕೂಗಿದರೆ ದಾಳಿಯ ಅಪಾಯ ಇದೆ, ಒಳಗೆ ಹೋಗಿ. ಒಂದೇ ಸಮನೆ 2 ನಿಮಿಷ ಕೂಗಿದರೆ ಅಪಾಯ ಕಳೆಯಿತು, ಹೊರಗೆ ಬನ್ನಿ. ಯಾವ ಭಾಷೆಯವರಿಗಾದರೂ ಒಂದು ಸಲ ಹೇಳಿಕೊಟ್ಟರೆ ಸಾಕು.

ಆ ಅಳುವ ಸದ್ದು ಹೇಗೆ ಬರುತ್ತೆ ಅಂತ ಅಡುಗೆಮನೆಯಲ್ಲೇ ಅರ್ಥ ಮಾಡಿಕೊಳ್ಳಬಹುದು. ಮಿಕ್ಸಿ ಹಾಕಿದಾಗ ಸದ್ದು ಕೆಳಗಿಂದ ಏರುತ್ತೆ, ಸ್ವಿಚ್ ಆರಿಸಿದರೆ ಜಾರುತ್ತಾ ಇಳಿಯುತ್ತೆ. ಹಳೆಯ ಮೋಟಾರ್ ಸೈರನ್ ಮಾಡುವುದೂ ಇಷ್ಟೇ. ಒಳಗೆ ತಿರುಗುವ ಒಂದು ಡಬ್ಬಿ, ಸುತ್ತ ಕದಲದ ಒಂದು ಕವಚ, ಎರಡಕ್ಕೂ ಉದ್ದುದ್ದ ಕಿಂಡಿಗಳು. ಕಿಂಡಿಗೆ ಕಿಂಡಿ ಎದುರಾದಾಗ ಗಾಳಿ ಹೊರಗೆ ನುಗ್ಗುತ್ತೆ, ಸರಿದಾಗ ತಡೆದು ನಿಲ್ಲುತ್ತೆ. 12 ಕಿಂಡಿಗಳಿದ್ದು ಸೆಕೆಂಡಿಗೆ 40 ಸುತ್ತು ತಿರುಗಿದರೆ ಗಾಳಿ ಸೆಕೆಂಡಿಗೆ 480 ಸಲ ತುಂಡಾಗುತ್ತೆ, ಅಂದರೆ 480 ಹರ್ಟ್ಜ್‌ನ ಸ್ವರ. ನಾವು ಚಿಕ್ಕವರಿದ್ದಾಗ ಸೈಕಲ್ ಚಕ್ರದ ಕಡ್ಡಿಗೆ ತಾಗುವ ಹಾಗೆ ರಟ್ಟು ಸಿಕ್ಕಿಸಿ ಟರ್ ಅಂತ ಓಡಿಸುತ್ತಿದ್ದೆವಲ್ಲ, ಜೋರಾಗಿ ತುಳಿದಷ್ಟೂ ಸ್ವರ ಏರುತ್ತಿತ್ತು, ಅದೇ ಲೆಕ್ಕ. ಮೋಟಾರಿಗೆ ಕರೆಂಟ್ ಕೊಟ್ಟು, ಕಿತ್ತು, ಮತ್ತೆ ಕೊಟ್ಟರೆ ಸೈರನ್ ಅಳುತ್ತೆ. ಕೊಟ್ಟೇ ಇಟ್ಟರೆ ಒಂದೇ ಸ್ವರ. ಕರೆಂಟೇ ಇಲ್ಲದಿದ್ದರೆ ಕೈಯಲ್ಲಿ ತಿರುಗಿಸುವ ಸೈರನ್ ಇದೆ.

ಅಪಾಯಕ್ಕೆ ಏರಿಳಿತದ ಸದ್ದೇ ಯಾಕೆ? ಒಂದೇ ಸಮನೆ ಬರುವ ಸದ್ದನ್ನು ಮೆದುಳು ಬೇಗ ಬದಿಗೆ ತಳ್ಳುತ್ತೆ. ಫ್ಯಾನ್ ಸದ್ದು ನಿಂತ ಮೇಲೇ ಅಲ್ವಾ ಅದು ಇತ್ತು ಅಂತ ಗೊತ್ತಾಗುವುದು? ಬದಲಾಗುವ ಸದ್ದು ಹಾಗಲ್ಲ, ಮತ್ತೆ ಮತ್ತೆ ಕಿವಿ ಹಿಂಡುತ್ತೆ. ಇನ್ನೊಂದು ಕಾರಣವೂ ಇದೆ. ಕಟ್ಟಡಗಳಿಗೆ ಬಡಿದು ವಾಪಸ್ ಬಂದ ಸದ್ದು ನೇರವಾಗಿ ಬಂದ ಸದ್ದಿನ ಜೊತೆ ಸೇರಿ ಕೆಲವು ಜಾಗಗಳಲ್ಲಿ ಎರಡೂ ಅಡಗಿಹೋಗುತ್ತವೆ. ಸ್ವರ ಬದಲಾಗುತ್ತಾ ಇದ್ದರೆ ಆ ಮೂಕ ಜಾಗಗಳೂ ಸರಿಯುತ್ತಾ ಇರುತ್ತವೆ, ಯಾರೂ ಪೂರ್ತಿ ಕಿವುಡಾಗಿ ಉಳಿಯುವುದಿಲ್ಲ.

ಆದರೂ ಬೆಂಗಳೂರಿಗೆ ಸೈರನ್ ಒಂದೇ ಸಾಲದು. ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಕಡಿಮೆಯಾಗುತ್ತೆ. 30 ಮೀಟರ್ ದೂರದಲ್ಲಿ 110 ಡೆಸಿಬೆಲ್ ಇದ್ದದ್ದು, ಅಡ್ಡ ಏನೂ ಇಲ್ಲದಿದ್ದರೂ, ಒಂದು ಕಿಲೋಮೀಟರ್ ಆಚೆ 80ಕ್ಕೆ ಇಳಿದಿರುತ್ತೆ. ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತವರಿಗೆ ಆ 80 ಎಲ್ಲಿ ಕೇಳಿಸಬೇಕು? ಅದಕ್ಕೇ ಈಗ ಮೊಬೈಲ್ ಬಂದಿದೆ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳೆಲ್ಲ ಒಮ್ಮೆಲೇ ಕಿರುಚಿದ್ದು ನೆನಪಿದೆಯಾ? ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಎಸ್‌ಎಂಎಸ್ ಹಾಗೆ ಒಬ್ಬೊಬ್ಬರ ನಂಬರಿಗೆ ಹೋಗುವುದಲ್ಲ. ಟವರ್ ಒಂದೇ ಸಲ ಸಾರುತ್ತೆ, ಅದರ ವ್ಯಾಪ್ತಿಯ ಫೋನುಗಳೆಲ್ಲ ಕೇಳಿಸಿಕೊಳ್ಳುತ್ತವೆ. ಹಾಗಾಗಿ ಎಲ್ಲರೂ ಫೋನ್ ಹಚ್ಚಿ ನೆಟ್‌ವರ್ಕ್ ಕಟ್ಟಿಕೊಂಡರೂ ಇದು ತಲುಪುತ್ತೆ.

ಆದರೆ ಎಚ್ಚರಿಕೆ ತಲುಪಿದ ಮೇಲೆ? 2018ರ ಜನವರಿ 13ರಂದು ಹವಾಯಿಯಲ್ಲಿ ಕ್ಷಿಪಣಿ ಬರ್ತಿದೆ ಅಂತ ಜನರ ಫೋನಿಗೆ ತಪ್ಪಾಗಿ ಸಂದೇಶ ಹೋಯಿತು. ಅದು ಸುಳ್ಳು ಅಂತ ಫೋನಿಗೆ ಇನ್ನೊಂದು ಸಂದೇಶ ಬರಲು 38 ನಿಮಿಷ ಹಿಡಿಯಿತು. ಅಷ್ಟು ಹೊತ್ತು ಜನ ಮಕ್ಕಳನ್ನು ತಬ್ಬಿಕೊಂಡು ಕೂತಿದ್ದರು. ಎರಡನೇ ಸೈರನ್, ಅಂದರೆ ಅಪಾಯ ಕಳೆಯಿತು ಅನ್ನುವ ಸದ್ದು, ಯಾಕೆ ಮುಖ್ಯ ಅಂತ ನನಗೆ ಮನವರಿಕೆಯಾಗಿದ್ದು ಇದನ್ನು ಓದಿದಾಗ.

ಯುದ್ಧಕಾಲದಲ್ಲಿ ಸರ್ಕಾರ ಪಡೆಯುವ ಅಧಿಕಾರಕ್ಕೂ ಇದೇ ಮಾತು, ಮುಗಿಯಿತು ಅಂತ ಸಾರುವ ಎರಡನೇ ಸೈರನ್ ಅದಕ್ಕೂ ಬೇಕು. 1962ರ ಅಕ್ಟೋಬರ್ 26ರಂದು ಚೀನಾ ಯುದ್ಧಕ್ಕಾಗಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ನವೆಂಬರ್‌ನಲ್ಲೇ ಗುಂಡು ನಿಂತಿತು. ತುರ್ತು ಪರಿಸ್ಥಿತಿ ಹೋಗಿದ್ದು 1968ರ ಜನವರಿಯಲ್ಲಿ. 1971ರ ಡಿಸೆಂಬರ್ 3ರಂದು ಮತ್ತೆ ಬಂತು. ಆ ಯುದ್ಧ ಎರಡು ವಾರದಲ್ಲಿ ಮುಗಿಯಿತು, ಘೋಷಣೆ ಮಾತ್ರ 1977ರ ಮಾರ್ಚ್‌ವರೆಗೆ ಜಾರಿಯಲ್ಲೇ ಇತ್ತು. 1975ರ ಜೂನ್‌ನ ಇನ್ನೊಂದು ತುರ್ತು ಪರಿಸ್ಥಿತಿ ಬಂದಿದ್ದು ಅದರ ಮೇಲೆಯೇ. ವಿರೋಧ ಪಕ್ಷಗಳ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಬೆಂಗಳೂರಿನಲ್ಲೇ ಬಂಧಿಸಿ ಸೆಂಟ್ರಲ್ ಜೈಲಿನಲ್ಲಿಟ್ಟರು, ಅದೇ ಇವತ್ತಿನ ಫ್ರೀಡಂ ಪಾರ್ಕ್. ಅವರು ಹೈಕೋರ್ಟಿಗೆ ಹೋದರು. ಆದರೆ 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ತುರ್ತು ಪರಿಸ್ಥಿತಿ ಇರುವಾಗ ಇಂಥ ಬಂಧನವನ್ನು ಪ್ರಶ್ನಿಸಲು ಬರುವುದಿಲ್ಲ ಅಂದುಬಿಟ್ಟಿತು.

ಸಂವಿಧಾನದ 1978ರ 44ನೇ ತಿದ್ದುಪಡಿ ಇದಕ್ಕೆ ಅಂಕೆ ಹಾಕಿತು. ಈಗ ತುರ್ತು ಪರಿಸ್ಥಿತಿ ಘೋಷಿಸಲು ಸಂಪುಟದ ಲಿಖಿತ ಸಲಹೆ ಬೇಕು, ಒಂದು ತಿಂಗಳೊಳಗೆ ಸಂಸತ್ತಿನ ಒಪ್ಪಿಗೆ ಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಿಗೆ ಪಡೆಯದಿದ್ದರೆ ತಾನಾಗೇ ಬಿದ್ದುಹೋಗುತ್ತೆ. ಜೀವದ ಹಕ್ಕನ್ನು ಕೋರ್ಟಿನಲ್ಲಿ ಕೇಳುವ ದಾರಿಯನ್ನು ಮುಚ್ಚುವ ಹಾಗೇ ಇಲ್ಲ.

ಆದರೆ ಸೈರನ್, ದೀಪ ಆರಿಸುವುದು, ಜನರನ್ನು ತೆರವು ಮಾಡುವುದು ಇವೆಲ್ಲ ಬರುವುದು 1968ರ ನಾಗರಿಕ ರಕ್ಷಣಾ ಕಾಯ್ದೆಯ ಕೆಳಗೆ. ಅದಕ್ಕೆ ತುರ್ತು ಪರಿಸ್ಥಿತಿ ಘೋಷಣೆಯೇ ಬೇಕಿಲ್ಲ. 2025ರ ಮೇನಲ್ಲಿ ಘೋಷಣೆ ಆಗಿರಲಿಲ್ಲ, ಆದರೂ ತುರ್ತು ಖರೀದಿಗೆ ಇರುವ ಅಧಿಕಾರ ಬಳಸಿ ಅಂತ ಕೇಂದ್ರ ರಾಜ್ಯಗಳಿಗೆ ಬರೆಯಿತು, ಟಿವಿಯವರು ಕಾರ್ಯಕ್ರಮಗಳಲ್ಲಿ ಸೈರನ್ ಸದ್ದು ಬಳಸಬಾರದು ಅಂತಲೂ ಸೂಚಿಸಿತು. ಎರಡೂ ಸರಿಯೇ ಅಂತ ನನ್ನ ಅಭಿಪ್ರಾಯ; ದಿನವಿಡೀ ಟಿವಿಯಲ್ಲಿ ಸುಮ್ನೆ ಕೂಗಿಸಿದರೆ ನಿಜವಾದ ದಿನ ಯಾರು ಎದ್ದು ಓಡುತ್ತಾರೆ? ಆದರೆ ಈ ಕಾಯ್ದೆಯ ಕೆಳಗೆ ಹೊರಡುವ ಒಂದೊಂದು ಆದೇಶದಲ್ಲೂ ಅದು ಮುಗಿಯುವ ತಾರೀಖನ್ನು ಮೊದಲ ದಿನವೇ ಬರೆದಿರಬೇಕು, ಕನ್ನಡದಲ್ಲೇ, ವಾರ್ಡ್ ಕಚೇರಿಯ ಬಾಗಿಲಿಗೆ ಅಂಟಿಸುವಷ್ಟು ದಪ್ಪ ಅಕ್ಷರದಲ್ಲಿ.