ಮಂತ್ರ ಹಾಕಿದರೆ ಹುಲ್ಲು ಸಾಯುವ ಲೋಕ

ರೋಲ್‌ಪ್ಲೇಯಿಂಗ್ ಆಟಕ್ಕೆ, ಅಂದರೆ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಆಡುವ ಆಟಕ್ಕೆ, ಸ್ವಂತ ಲೋಕ ಕಟ್ಟುವವರು ನನಗೆ ಮೊದಲು ತೋರಿಸುವುದು ಸೃಷ್ಟಿಯ ಕಥೆಯನ್ನೇ. ದೇವರುಗಳ ಜಗಳ, ಏಳೆಂಟು ಲೋಕಗಳ ನಕ್ಷೆ, ಪುಟಗಟ್ಟಲೆ. ಇದರಿಂದ ಆಟಗಾರನ ಕ್ಯಾರೆಕ್ಟರ್ ಶೀಟ್‌ನಲ್ಲಿ (ಪಾತ್ರದ ಶಕ್ತಿ-ಸಾಮರ್ಥ್ಯ ಬರೆದಿಟ್ಟ ಹಾಳೆ) ಏನು ಬದಲಾಗುತ್ತದೆ ಅಂತ ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ.

ಇಂಥ ಆಟಗಳಲ್ಲೊಂದಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ 1991ರಲ್ಲಿ ಬಂದ ಡಾರ್ಕ್ ಸನ್ ಅನ್ನುವ ಸಿದ್ಧ ಲೋಕ ನೋಡಿ. ಅದರ ಅಥಾಸ್ ಅನ್ನೋದು ಒಣಗಿ ಸುಟ್ಟ ಲೋಕ, ಅಲ್ಲಿ ದೇವರೇ ಇಲ್ಲ. ಹಾಗಾಗಿ ಕ್ಲೆರಿಕ್‌ಗಳು, ಅಂದರೆ ಪೂಜಾರಿಗಳು, ಶಕ್ತಿಗಾಗಿ ಮಣ್ಣು, ಗಾಳಿ, ಬೆಂಕಿ, ನೀರನ್ನೇ ನಂಬಬೇಕು. ರಾಜನ ಸೇವೆಯ ಪೂಜಾರಿಗಳಾದ ಟೆಂಪ್ಲರ್‌ಗಳಿಗೆ ಶಕ್ತಿ ಕೊಡುವವನು ಊರಾಳುವ ಮಾಂತ್ರಿಕ ರಾಜ. ಇನ್ನು ವಿಝರ್ಡ್‌ಗಳ, ಅಂದರೆ ಮಾಂತ್ರಿಕರ, ಮಂತ್ರಕ್ಕೆ ಬೇಕಾದ ಶಕ್ತಿ ಬರುವುದು ಸುತ್ತಲಿನ ಗಿಡಗಳ ಜೀವದಿಂದ. ಹದವಾಗಿ ತೆಗೆದುಕೊಂಡರೆ ಗಿಡ ಉಳಿಯುತ್ತದೆ, ಅಂಥವನು ಪ್ರಿಸರ್ವರ್. ಬಾಚಿಕೊಂಡರೆ ಸುತ್ತಲೂ ಬೂದಿ, ಅವನು ಡಿಫೈಲರ್.

ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನ ಭಾಗ. ಲೆವೆಲ್ ಏರಲು ಡಿಫೈಲರ್‌ಗೆ ಪ್ರಿಸರ್ವರ್‌ಗಿಂತ ಕಡಿಮೆ ಅನುಭವದ ಅಂಕ ಸಾಕು. ಅಂದರೆ ಆಸೆ ಹುಟ್ಟಿಸುವ ಕೆಲಸವನ್ನು ಕಥೆಗೆ ಬಿಡದೆ ನಿಯಮವೇ ಮಾಡುತ್ತದೆ! ಬೂದಿಯ ವೃತ್ತ ಎಷ್ಟು ದೊಡ್ಡದು ಅನ್ನುವುದು ಮಂತ್ರದ ಮಟ್ಟ ಮತ್ತು ನೆಲ ಎರಡರ ಮೇಲೂ ನಿಂತಿದೆ, ಮರಳುಗಾಡಿನಲ್ಲಿ ಹಸಿರು ಕಡಿಮೆಯಾದ್ದರಿಂದ ಅಷ್ಟೇ ಶಕ್ತಿಗೆ ಇನ್ನೂ ದೂರದವರೆಗೆ ಎಲ್ಲವೂ ಸಾಯುತ್ತದೆ. ಜನ ಮೊದಲೇ ಮಾಂತ್ರಿಕರನ್ನು ಕಂಡರೆ ಉರಿದುಬೀಳುವವರು. ಹಾಗಾಗಿ ಆಟ ನಡೆಸುವ ನನಗೆ ಆ ವೃತ್ತ ಕಳ್ಳ ಬಿಟ್ಟುಹೋದ ಬೆರಳಚ್ಚಿನ ಹಾಗೆ, ಮುಂದಿನ ವಾರದ ಕಥೆ ಅಲ್ಲಿಂದಲೇ ಶುರು.

ಅದೇ ಆಟದ ಇನ್ನೊಂದು ಲೋಕ ಡ್ರ್ಯಾಗನ್‌ಲ್ಯಾನ್ಸ್, ಅದರ ದಾರಿ ಬೇರೆ. ಅಲ್ಲಿ ಬಿಳಿ, ಕೆಂಪು, ಕಪ್ಪು ಅಂತ ಮೂರು ಚಂದ್ರರು, ಒಂದೊಂದು ಬಣ್ಣದ ನಿಲುವಂಗಿಯ ಮಾಂತ್ರಿಕರಿಗೆ ಒಬ್ಬೊಬ್ಬ ಚಂದ್ರ. ತಮ್ಮ ಚಂದ್ರ ತುಂಬಿದಾಗ ಹೆಚ್ಚುವರಿ ಮಂತ್ರ ಸಿಗುತ್ತದೆ, ಕರಗಿದಾಗ ಬಲ ಕುಗ್ಗುತ್ತದೆ. ಬಿಳಿ ಚಂದ್ರನ ಸುತ್ತು 36 ದಿನ, ಕೆಂಪಿನದು 28, ಕಪ್ಪಿನದು ಬರೀ 8. ಹೌದು, ಕ್ಯಾಲೆಂಡರ್ ಇಟ್ಟುಕೊಳ್ಳುವುದು ತಲೆನೋವು. ಆದರೆ ಕೋಟೆಗೆ ನುಗ್ಗುವುದು ಇವತ್ತೋ ನಾಲ್ಕು ದಿನ ಬಿಟ್ಟೋ ಅಂತ ಆಟಗಾರರು ತಾವೇ ಜಗಳಕ್ಕೆ ಬೀಳುತ್ತಾರಲ್ಲ, ಅದಕ್ಕಾಗಿ ಸಹಿಸಿಕೊಳ್ಳಬಹುದು.

ಇದೇ ಆಟದ ಬೇರೆ ಬೇರೆ ಲೋಕಗಳ ನಿಯಮಪುಸ್ತಕ, 1987ರ ಮ್ಯಾನ್ಯುಅಲ್ ಆಫ್ ದ ಪ್ಲೇನ್ಸ್‌ನ ಒಂದು ನಿಯಮವನ್ನು ಮಾತ್ರ ನಾನು ಬಿಟ್ಟೇಬಿಡುತ್ತೇನೆ. ಮಾಂತ್ರಿಕ ಕತ್ತಿ ತಾನು ಹುಟ್ಟಿದ ಲೋಕದಿಂದ ಒಂದೊಂದು ಲೋಕ ದೂರ ಹೋದಂತೆ ಅದರ ಪ್ಲಸ್ (ದಾಳಿಗೆ ಸಿಗುವ ಹೆಚ್ಚುವರಿ ಅಂಕ) ಒಂದೊಂದು ಇಳಿಯುತ್ತದಂತೆ. ಕಾಗದದ ಮೇಲೆ ಚೆನ್ನಾಗಿದೆ, ಅಲ್ವಾ? ಮೇಜಿನ ಮುಂದೆ ಮಾತ್ರ ಯಾರೂ ಏನೂ ಯೋಚಿಸಬೇಕಾಗಿಲ್ಲ, ಸುಮ್ನೆ ಕಳೆಯುವ ಲೆಕ್ಕ ಮಾಡುತ್ತಾ ಕೂರುತ್ತಾರೆ.