ಕ್ಯಾಂಪಿಂಗ್ ಪಿಕಪ್‌ಗೆ ಯಾವ ಡಿಫ್: ಎಲ್‌ಎಸ್‌ಡಿನೋ, ಲಾಕರ್ರೋ?

ಪ್ರಶ್ನೆ: ನಮ್ಮದು ಹಳೆಯ ಫೋರ್ ಬೈ ಫೋರ್ ಪಿಕಪ್. ಟೆಂಟು, ನೀರಿನ ಕ್ಯಾನು ತುಂಬಿಕೊಂಡು ಮಲೆನಾಡಿನ ಕಡೆ ಹೋಗುತ್ತಿರುತ್ತೇವೆ. ಹಿಂದಿನ ಆಕ್ಸಲ್‌ಗೆ ಎಲ್‌ಎಸ್‌ಡಿ ಹಾಕಿಸಲೋ, ಲಾಕರ್ ಹಾಕಿಸಲೋ?

ಬೇಕಾದಾಗ ಸ್ವಿಚ್ ಒತ್ತಿ ಹಾಕುವ ಲಾಕರ್ ಹಾಕಿಸಿ. ಹಿಂದಕ್ಕೆ ಮಾತ್ರ ಸಾಕು. ಡಿಫ್ ಅಂದರೆ ಡಿಫರೆನ್ಷಿಯಲ್, ಎಂಜಿನ್ ಬಲವನ್ನು ಎಡ ಬಲ ಚಕ್ರಗಳಿಗೆ ಹಂಚಿ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ. ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್) ಆ ವ್ಯತ್ಯಾಸಕ್ಕೆ ಸ್ವಲ್ಪ ಕಡಿವಾಣ ಹಾಕುತ್ತದೆ, ಲಾಕರ್ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿದುಬಿಡುತ್ತದೆ.

ಮಾಮೂಲಿ ಡಿಫ್ ಎರಡೂ ಚಕ್ರಕ್ಕೆ ಒಂದೇ ಅಳತೆಯ ಬಲ ಕೊಡುತ್ತದೆ. ಒಂದು ಚಕ್ರ ಕೆಸರಲ್ಲಿ ಸುಮ್ನೆ ತಿರುಗತೊಡಗಿತು ಅನ್ನಿ, ಅದನ್ನು ತಿರುಗಿಸಲು ಎಷ್ಟು ಚೂರು ಬಲ ಸಾಕೋ ಅಷ್ಟೇ ಬಲ ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಸಿಗುವುದು. ಗಾಡಿ ಅಲ್ಲೇ ನಿಂತುಬಿಡುತ್ತದೆ. ಮುಂದೊಂದು, ಹಿಂದೊಂದು ಚಕ್ರ ಗಾಳಿಯಲ್ಲಿದ್ದರೆ ಫೋರ್ ಬೈ ಫೋರ್ ಹಾಕಿದರೂ ಇದೇ ಕಥೆ.

ಎಲ್‌ಎಸ್‌ಡಿಯಲ್ಲಿ ಕ್ಲಚ್ ಪ್ಲೇಟಿನದು ಒಂದು, ಗೇರಿನದು ಇನ್ನೊಂದು. ಪ್ಲೇಟು ಸವೆಯುತ್ತದೆ, ಅದಕ್ಕೆ ಹೇಳಿದ ಆಯಿಲ್ಲನ್ನೇ ಹಾಕಬೇಕು. ಟ್ರೂಟ್ರ್ಯಾಕ್ ತರಹದ ಗೇರಿನದು ಒದ್ದೆ ಟಾರ್ ರಸ್ತೆಯಲ್ಲಿ ತುಂಬಾ ನಯವಾಗಿ ಕೆಲಸ ಮಾಡುತ್ತದೆ. ಆದರೆ ಚಕ್ರ ಪೂರ್ತಿ ಮೇಲೆದ್ದರೆ ಅದೂ ಕೈಚೆಲ್ಲುತ್ತದೆ, ಬ್ರೇಕ್ ಸ್ವಲ್ಪ ಒತ್ತಿ ಹಿಡಿದುಕೊಂಡೇ ಆಕ್ಸಿಲರೇಟರ್ ಕೊಡಬೇಕು.

ತಾನಾಗಿಯೇ ಲಾಕ್ ಆಗುವವೂ ಇವೆ. ಮಹೀಂದ್ರಾ ಥಾರ್‌ನ ಕೆಲವು ಮಾದರಿಗಳಲ್ಲಿ ಬರುವ ಈಟನ್ ಕಂಪನಿಯ ಡಿಫ್ ಆ ಜಾತಿಯದು. ಎರಡು ಚಕ್ರಗಳ ವೇಗದಲ್ಲಿ ಸುಮಾರು 100 ಆರ್‌ಪಿಎಂ ವ್ಯತ್ಯಾಸ ಬಂದಾಗ ಅದು ಹಿಡಿಯುತ್ತದೆ. ಚಾಲಕ ಏನೂ ಮಾಡಬೇಕಿಲ್ಲ, ಚೆನ್ನಾಗಿದೆ. ಆದರೆ ಚಕ್ರ ಮೊದಲು ಸುತ್ತಬೇಕು, ಮೆತ್ತನೆ ಕೆಸರಲ್ಲಿ ಅಷ್ಟರಲ್ಲೇ ಹಳ್ಳ ತೋಡಿರುತ್ತದೆ.

ಸ್ವಿಚ್ಚಿನದು ಹಾಗಲ್ಲ. ಟೊಯೊಟಾ ಹೈಲಕ್ಸ್‌ನಲ್ಲಿ ಹಿಂದಕ್ಕೆ ಇಂಥದ್ದು ಬರುತ್ತದೆ, ಫೋರ್ಸ್ ಗೂರ್ಖಾದಲ್ಲಂತೂ ಮುಂದೂ ಹಿಂದೂ ನಾವೇ ಹಾಕುವ ಡಿಫ್ ಲಾಕ್ ಇದೆ. ಒಂದು ಮಳೆಗಾಲ ಸಕಲೇಶಪುರದ ಹತ್ತಿರ ಕಾಫಿ ತೋಟದ ಒಳದಾರಿಯಲ್ಲಿ ಕೊರಕಲು ದಾಟುವಾಗ ನಮ್ಮ ಎಡಗಡೆ ಹಿಂದಿನ ಚಕ್ರ ಒಂದು ಗೇಣು ಮೇಲೆದ್ದು ಗಿರ್ರನೆ ತಿರುಗತೊಡಗಿತು. ಕಾಲು ತೆಗೆದು ಸ್ವಿಚ್ ಒತ್ತಿದೆ. ಮಿಣುಕುತ್ತಿದ್ದ ದೀಪ ನಿಂತು ಉರಿಯುವವರೆಗೆ ಕಾದು ನಿಧಾನಕ್ಕೆ ಬಿಟ್ಟರೆ ಗಾಡಿ ಸದ್ದಿಲ್ಲದೆ ಹತ್ತಿತು. ಆಮೇಲೆ ಲಾಕ್ ತೆಗೆಯುವುದನ್ನು ಮರೆತೆ. ಮುಂದೆ ದಾರಿ ಎಡಕ್ಕೆ ವಾಲಿತ್ತು, ಹಿಂದಿನ ಎರಡೂ ಟೈರು ಒಟ್ಟಿಗೆ ಜಾರಿ ಗಾಡಿಯ ಹಿಂಭಾಗ ಚರಂಡಿ ಕಡೆ ಸರಿಯಿತು. ಒಂದು ಚಕ್ರ ಹಿಡಿತ ಬಿಟ್ಟರೂ ಇನ್ನೊಂದು ಗಾಡಿಯನ್ನು ಹಿಡಿದಿಡುವುದು ಮಾಮೂಲಿ ಡಿಫ್‌ನಲ್ಲಿ ಮಾತ್ರ. ತೆಗೆದು ಹಾಕುವ ಅವಕಾಶ ಇರಲೇಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಮುಂದಕ್ಕೂ ಲಾಕರ್ ಬೇಕಾ? ಟೆಂಟು ಹಾಕಲು ಹೋಗುವವರಿಗೆ ಬೇಡ. ಸ್ಟೀರಿಂಗ್ ಕಲ್ಲಿನಂತಾಗುತ್ತದೆ, ಆಕ್ಸಲ್ ಜಾಯಿಂಟ್‌ಗಳ ಮೇಲೂ ಭಾರ ಬೀಳುತ್ತದೆ. ಆ ದುಡ್ಡಿನಲ್ಲಿ ಒಳ್ಳೆ ಆಲ್ ಟೆರೇನ್ ಟೈರು, ಗಾಳಿ ತುಂಬಲು ಒಂದು ಸಣ್ಣ ಕಂಪ್ರೆಸರ್ ತೆಗೆದುಕೊಳ್ಳಿ. ಕೆಸರಿಗೆ ಇಳಿಯುವ ಮುಂಚೆ ಸ್ವಲ್ಪ ಗಾಳಿ ಇಳಿಸಿದರೆ ಎಷ್ಟೋ ಸಲ ಲಾಕರ್ ಮುಟ್ಟುವ ಅಗತ್ಯವೇ ಬರುವುದಿಲ್ಲ. ಟಾರ್ ರಸ್ತೆಗೆ ಬಂದ ತಕ್ಷಣ ಮತ್ತೆ ತುಂಬಿಸಿ, ಹೊರೆ ಹೊತ್ತ ಗಾಡಿ ಅಲ್ವಾ.

ಆರ್ಡರ್ ಕೊಡುವ ಮುಂಚೆ ಮೆಕ್ಯಾನಿಕ್ ಹತ್ತಿರ ಆಕ್ಸಲ್ ಶಾಫ್ಟಿನ ಹಲ್ಲು ಎಣಿಸಿಸಿ, ಕ್ರೌನ್ ಮತ್ತು ಪಿನಿಯನ್ (ಡಿಫ್‌ನ ದೊಡ್ಡ ಮತ್ತು ಸಣ್ಣ ಗೇರು) ಅನುಪಾತವನ್ನೂ ಬರೆದುಕೊಳ್ಳಿ, ಲಾಕರ್ ಇವಕ್ಕೆ ಹೊಂದಬೇಕು. ಒಂದೇ ಹೆಸರಿನ ಗಾಡಿಯಲ್ಲೂ ಇವು ಬೇರೆ ಬೇರೆ ಇರಬಹುದು.