ಕೊಳವೆ ಎಣಿಸಿ, ಬೆನ್ನು ತಿರುಗಿಸಿ: ಪೋಸ್ಟ್‌ಕಾರ್ಡುಗಳಲ್ಲಿ ಒಂದು ಜರ್ಮನ್ ಹಡಗು ಕಂಪನಿ

ಹಳೆಯ ಪೋಸ್ಟ್‌ಕಾರ್ಡಿನ ಮೇಲೆ ನಾಲ್ಕು ಹೊಗೆಕೊಳವೆಯ ಹಡಗು ಕಂಡರೆ, ಮೊದಲು ಕೊಳವೆಗಳ ನಡುವಿನ ಜಾಗ ನೋಡಿ. ನಾಲ್ಕೂ ಸಮ ದೂರದಲ್ಲಿದ್ದರೆ ಬಹುಪಾಲು ಅದು ಬ್ರಿಟಿಷ್ ಹಡಗು. ಟೈಟಾನಿಕ್, ಮಾರಿಟೇನಿಯಾ ಎಲ್ಲ ಹಾಗೆಯೇ ಇದ್ದವು. ಎರಡು ಇಲ್ಲಿ, ಎರಡು ಅಲ್ಲಿ, ಮಧ್ಯೆ ದೊಡ್ಡ ಖಾಲಿ ಜಾಗ ಅಂತಿದ್ದರೆ ಅದು ಜರ್ಮನಿಯದು. ಆ ಹಡಗುಗಳ ಹೊಟ್ಟೆಯಲ್ಲಿ ಬಾಯ್ಲರ್‌ಗಳನ್ನು ಎರಡು ಗುಂಪಾಗಿ ಇಟ್ಟಿದ್ದರು. ಒಂದೊಂದು ಗುಂಪಿನ ಹೊಗೆಗೆ ಎರಡೆರಡು ಕೊಳವೆ. ಕೆಳಗೆ ಏನಿದೆ ಅನ್ನುವುದು ಮೇಲಿನಿಂದಲೇ ಗೊತ್ತಾಗುತ್ತಿತ್ತು.

ಕೊಳವೆ ಹಳದಿ, ಬಾವುಟ ಬಿಳಿ, ಬಾವುಟದ ಮೇಲೆ ನೀಲಿ ಬಣ್ಣದಲ್ಲಿ ಒಂದಕ್ಕೊಂದು ಅಡ್ಡವಾಗಿ ಲಂಗರು ಮತ್ತು ಕೀಲಿಕೈ, ಜೊತೆಗೆ ಓಕ್ ಎಲೆಯ ಹಾರ. ಇಷ್ಟು ಕಂಡರೆ ಕಂಪನಿ ಯಾವುದೆಂದೂ ಹೇಳಬಹುದು: ನೊರ್ಡ್‌ಡಾಯ್ಚರ್ ಲಾಯ್ಡ್. ಕೀಲಿಕೈ ಬ್ರೇಮನ್ ನಗರದ ಗುರುತು. 1857ರಲ್ಲಿ ಅದೇ ಊರಿನಲ್ಲಿ ಎಚ್. ಎಚ್. ಮಾಯರ್ ಮತ್ತು ಎಡುವಾರ್ಡ್ ಕ್ರ್ಯೂಸೆಮಾನ್ ಎಂಬಿಬ್ಬರು ಈ ಕಂಪನಿ ಕಟ್ಟಿದರು. ಮರುವರ್ಷವೇ ಅದರ ಮೊದಲ ಹಡಗು ನ್ಯೂಯಾರ್ಕಿಗೆ ಹೊರಟಿತು. ಪಕ್ಕದ ಹಾಂಬರ್ಗ್‌ನಲ್ಲಿ ಹಾಪಾಗ್ ಎಂಬ ಕಂಪನಿ ಅದಕ್ಕೂ ಹತ್ತು ವರ್ಷ ಮೊದಲೇ ಹುಟ್ಟಿತ್ತು. ಎರಡೂ ಊರುಗಳಿಗೆ ಮೊದಲಿಂದಲೂ ಪೈಪೋಟಿ. ಈ ಜಿದ್ದಿನಿಂದ ಲಾಭವಾದದ್ದು ಕಾರ್ಡು ಸಂಗ್ರಹಿಸುವವರಿಗೆ, ಯಾಕಂದ್ರೆ ಇಬ್ಬರೂ ರಾಶಿ ರಾಶಿ ಕಾರ್ಡು ಅಚ್ಚು ಹಾಕಿಸಿದರು.

ಕಂಪನಿ ಹಂಚಿದ ಕಾರ್ಡು ಅಂದರೆ ಜಾಹೀರಾತು. ಅದರ ಚಿತ್ರವನ್ನು ಪೂರ್ತಿ ನಂಬಬಾರದು. ಹಡಗನ್ನು ನೀರಿನ ಮಟ್ಟದಿಂದ ನೋಡಿದಂತೆ ಬಿಡಿಸಿ, ಪಕ್ಕದಲ್ಲಿ ಪುಟ್ಟ ಹಾಯಿದೋಣಿ ಇಟ್ಟರೆ ಸಾಕು, ಹಡಗು ಬೆಟ್ಟದಷ್ಟಾಗುತ್ತದೆ. ಆದರೆ ಕಾಗದ, ಅಚ್ಚು, ಅಂಚೆ ಮುದ್ರೆ ಇವುಗಳ ಕಥೆಯೇ ಬೇರೆ. ಇವುಗಳಲ್ಲಿ ಏನಿರಬೇಕು ಅಂತ ಜಾಹೀರಾತಿನವರು ಯೋಚಿಸಿಯೇ ಇರಲಿಲ್ಲ. ಆದ್ದರಿಂದ ಕಂಪನಿಯ ನಿಜವಾದ ಚರಿತ್ರೆ ಬೇಕಿದ್ದರೆ ಚಿತ್ರಕ್ಕಿಂತ ಇವನ್ನೇ ಜಾಸ್ತಿ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಬೆನ್ನು. ಅಂಚೆ ಕಾರ್ಡಿನ ಯೋಚನೆಯನ್ನು 1865ರಲ್ಲಿ ಮುಂದಿಟ್ಟವರು ಜರ್ಮನಿಯ ಅಂಚೆ ಅಧಿಕಾರಿ ಹೈನ್ರಿಖ್ ಫಾನ್ ಷ್ಟೆಫಾನ್. ಆಗ ಯಾರೂ ಒಪ್ಪಲಿಲ್ಲ. 1869ರ ಅಕ್ಟೋಬರ್ 1ಕ್ಕೆ ಆಸ್ಟ್ರಿಯಾ-ಹಂಗೆರಿ ಅದನ್ನು ಜಾರಿಗೆ ತಂದಿತು. ಮರುವರ್ಷ ಜರ್ಮನಿಯಲ್ಲೂ ಬಂತು. ಮುಂದೆ ಚಿತ್ರದ ಕಾರ್ಡು ಬಂದಾಗಲೂ ಬೆನ್ನ ಮೇಲೆ ವಿಳಾಸ ಬಿಟ್ಟರೆ ಬೇರೇನೂ ಬರೆಯುವಂತಿರಲಿಲ್ಲ. ಹೇಳಬೇಕಾದ ನಾಲ್ಕು ಮಾತನ್ನು ಚಿತ್ರದ ಸುತ್ತ ಉಳಿದ ಜಾಗದಲ್ಲೇ ತುರುಕಬೇಕಿತ್ತು. ಅದಕ್ಕೇ ಆ ಕಾಲದ ಕಾರ್ಡುಗಳಲ್ಲಿ ಹಡಗು ಒಂದು ಮೂಲೆಯಲ್ಲಿರುತ್ತದೆ, ಆಕಾಶದ ತುಂಬ ಯಾರದೋ ಕೈಬರಹ. 1905ರಲ್ಲಿ ಜರ್ಮನಿ ಬೆನ್ನಿನ ನಡುವೆ ಗೆರೆ ಹಾಕಿ, ಎಡಕ್ಕೆ ಮಾತು, ಬಲಕ್ಕೆ ವಿಳಾಸ ಬರೆಯಲು ಬಿಟ್ಟಿತು. ಆಮೇಲೆ ಹಡಗಿನ ಚಿತ್ರ ಕಾರ್ಡಿನ ತುಂಬ ಹರಡಿಕೊಂಡಿತು. ಬೆನ್ನಿನಲ್ಲಿ ಗೆರೆ ಇಲ್ಲದ ಜರ್ಮನ್ ಕಾರ್ಡು ಸಿಕ್ಕರೆ ಅದು ಸಾಮಾನ್ಯವಾಗಿ 1905ಕ್ಕೂ ಹಿಂದಿನದು.

ಆಮೇಲೆ ಅಚ್ಚು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದಿದ್ದರೆ ಸಾಕು. 1900ರ ಆಸುಪಾಸಿನ ಒಳ್ಳೆಯ ಕಾರ್ಡುಗಳು ಕಲ್ಲಚ್ಚಿನವು. ಬವೇರಿಯಾದ ಜೋಲ್ನ್‌ಹೋಫನ್‌ನ ನಯವಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಚಿತ್ರ ಬಿಡಿಸಿ, ಕಲ್ಲನ್ನು ಒದ್ದೆ ಮಾಡುತ್ತಾರೆ. ಎಣ್ಣೆ-ನೀರು ಸೇರುವುದಿಲ್ಲ. ಹಾಗಾಗಿ ಆಮೇಲೆ ಹಚ್ಚಿದ ಬಣ್ಣ ಜಿಡ್ಡಿರುವ ಕಡೆ ಮಾತ್ರ ಅಂಟುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಎಂಟು ಹತ್ತು ಕಲ್ಲು ಬಳಸಿದ ಕಾರ್ಡುಗಳೂ ಇವೆ. ಭೂತಗನ್ನಡಿ ಹಿಡಿದರೆ ಕೈಯಿಂದ ಇಟ್ಟ ಚುಕ್ಕಿಗಳು ಕಾಣುತ್ತವೆ. ಒಂದು ದಪ್ಪ, ಒಂದು ಸಣ್ಣ, ಸಾಲು ತಪ್ಪಿದಂಥವು. ಚುಕ್ಕಿಗಳು ಕವಾಯತು ನಿಂತ ಪೊಲೀಸರಂತೆ ಸಾಲಾಗಿ ಇದ್ದರೆ ಅದು ಫೋಟೋವನ್ನು ಜಾಲರಿ ಇಟ್ಟು ಅಚ್ಚಿಗೆ ಇಳಿಸಿದ ಹಾಫ್‌ಟೋನ್. ಚುಕ್ಕಿಯೇ ಇಲ್ಲದಿದ್ದರೆ ಅಸಲಿ ಫೋಟೋ ಕಾರ್ಡು ಇರಬಹುದು.

ಫೋಟೋ ಅಂದ ಮಾತ್ರಕ್ಕೆ ಸತ್ಯ ಅಂತಲೂ ಅಲ್ಲ. ಹಳೆಯ ಫೋಟೋ ಪ್ಲೇಟುಗಳು ನೀಲಿ ಬೆಳಕಿಗೆ ಚೆನ್ನಾಗಿ ಸ್ಪಂದಿಸುತ್ತಿದ್ದವು, ಹಳದಿ-ಕೆಂಪಿಗೆ ಅಷ್ಟಾಗಿ ಇಲ್ಲ. ಹೀಗಾಗಿ ನೀಲಿ ಆಕಾಶ ಬೆಳ್ಳಗೆ ಖಾಲಿಯಾಗಿ ಬರುತ್ತಿತ್ತು. ಲಾಯ್ಡ್‌ನ ಹಳದಿ ಕೊಳವೆಗಳು ಇರಬೇಕಾದ್ದಕ್ಕಿಂತ ಕಪ್ಪಗೆ ಕಾಣುತ್ತಿದ್ದವು. ಖಾಲಿ ಆಕಾಶಕ್ಕೆ ಮೋಡ ತುಂಬುವುದು, ಕೊಳವೆಗೆ ಬಣ್ಣ ಕೊಡುವುದು, ಎಲ್ಲ ಮುದ್ರಣಾಲಯದ ಕೆಲಸ. ಅಲ್ಲಿ ಬಣ್ಣ ಹಚ್ಚುವವರು ಹಡಗನ್ನೇ ನೋಡಿರಬೇಕು ಅಂತೇನೂ ಇರಲಿಲ್ಲ. ಒಂದೇ ಹಡಗಿಗೆ ಒಂದು ಕಾರ್ಡಿನಲ್ಲಿ ನಿಂಬೆ ಹಳದಿ, ಇನ್ನೊಂದರಲ್ಲಿ ಇಟ್ಟಿಗೆ ಬಣ್ಣ.

ಈಗ ಮತ್ತೆ ನಾಲ್ಕು ಕೊಳವೆಗೆ ಬರೋಣ. 1897ರಲ್ಲಿ ಷ್ಟೆಟ್ಟಿನ್‌ನ (ಇವತ್ತು ಪೋಲೆಂಡಿನ ಷ್ಚೆಚಿನ್) ವುಲ್ಕಾನ್ ಕಾರ್ಖಾನೆ ಲಾಯ್ಡ್‌ಗೆ ‘ಕೈಸರ್ ವಿಲ್ಹೆಲ್ಮ್ ದೆರ್ ಗ್ರೋಸ್ಸ’ ಕಟ್ಟಿಕೊಟ್ಟಿತು. ಸುಮಾರು 200 ಮೀಟರ್ ಉದ್ದ. ನಾಲ್ಕು ಹೊಗೆಕೊಳವೆಯ ಪ್ರಯಾಣಿಕರ ಹಡಗುಗಳಲ್ಲಿ ಇದೇ ಮೊದಲನೆಯದು. 1898ರಲ್ಲಿ 22 ನಾಟ್‌ಗೂ ಹೆಚ್ಚಿನ ಸರಾಸರಿ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 41 ಕಿಲೋಮೀಟರಿನಲ್ಲಿ, ಅಟ್ಲಾಂಟಿಕ್ ದಾಟಿ, ಅತಿ ವೇಗವಾಗಿ ದಾಟಿದ ಹಡಗಿಗೆ ಸಲ್ಲುವ ‘ಬ್ಲೂ ರಿಬಾಂಡ್’ ದಾಖಲೆಯನ್ನು ಬ್ರಿಟಿಷರಿಂದ ಕಿತ್ತುಕೊಂಡಿತು. ಅಲ್ಲಿಂದ ಕೊಳವೆಗಳ ಹುಚ್ಚು ಶುರು. ಕೊಳವೆ ಜಾಸ್ತಿ ಇದ್ದಷ್ಟೂ ಹಡಗು ಗಟ್ಟಿ, ವೇಗ ಜಾಸ್ತಿ ಅನ್ನುವ ನಂಬಿಕೆ ಜನರಲ್ಲಿ ಬೆಳೆಯಿತು. ಟೈಟಾನಿಕ್‌ನ ನಾಲ್ಕನೆಯ ಕೊಳವೆ ಬಹುಪಾಲು ಗಾಳಿಯಾಡಲಿಕ್ಕೆ ಇದ್ದದ್ದು, ಬಾಯ್ಲರಿನ ಹೊಗೆಗಲ್ಲ. ಜರ್ಮನ್ ಕಂಪನಿಗಳಿಗೆ ಹಡಗಿನ ಚಿತ್ರ ಬಿಡಿಸುತ್ತಿದ್ದ ವಿಲ್ಲಿ ಷ್ಟ್ಯೋವರ್ 1912ರಲ್ಲಿ ಟೈಟಾನಿಕ್ ಮುಳುಗುವ ಚಿತ್ರ ಬರೆದರು. ಅದರಲ್ಲಿ ನಾಲ್ಕನೆಯ ಕೊಳವೆಯಿಂದಲೂ ಹೊಗೆ ಬರುತ್ತಿದೆ! ಕೊಳವೆ ಅಂದ ಮೇಲೆ ಹೊಗೆ ಇರಬೇಕಲ್ವಾ?

ಅದೇ ‘ಕೈಸರ್’ ಹಡಗಿನ ಕಾರ್ಡುಗಳಲ್ಲಿ ಇನ್ನೊಂದು ಗುರುತು ಹುಡುಕಬಹುದು. 1900ರಲ್ಲಿ ಅದಕ್ಕೆ ಮಾರ್ಕೋನಿಯ ನಿಸ್ತಂತು ಯಂತ್ರ ಕೂರಿಸಿದರು. ಪ್ರಯಾಣಿಕರ ಹಡಗಿನಲ್ಲಿ ಅದು ವಾಣಿಜ್ಯ ಬಳಕೆಗೆ ಬಂದದ್ದು ಆಗಲೇ ಮೊದಲು. ಕಂಬದಿಂದ ಕಂಬಕ್ಕೆ ಎಳೆದ ಏರಿಯಲ್ ತಂತಿ ಕಂಡರೆ ಚಿತ್ರ ಅದರ ನಂತರದ್ದು.

ಅದೇ ವರ್ಷ ಜೂನ್ 30ರಂದು ನ್ಯೂಯಾರ್ಕ್ ಎದುರಿನ ಹೋಬೋಕನ್‌ನಲ್ಲಿ ಲಾಯ್ಡ್‌ನ ಧಕ್ಕೆಯ ಮೇಲಿದ್ದ ಹತ್ತಿಯ ಮೂಟೆಗಳಿಗೆ ಬೆಂಕಿ ಬಿತ್ತು. ‘ಮಾಯ್ನ್’, ‘ಜಾಲ’, ‘ಬ್ರೇಮನ್’ ಎಂಬ ಮೂರು ಹಡಗುಗಳು ಹೊತ್ತಿಕೊಂಡವು. 300ಕ್ಕೂ ಹೆಚ್ಚು ಜನ ಸತ್ತರು. ಹಡಗಿನ ಗುಂಡು ಕಿಟಕಿಗಳು ಎಷ್ಟು ಚಿಕ್ಕವೆಂದರೆ ಒಳಗಿದ್ದವರು ತಲೆ ಹೊರಗೆ ಹಾಕಬಹುದಿತ್ತೇ ಹೊರತು ಮೈ ತೂರಿಸಲು ಆಗಲಿಲ್ಲ. ಕಾರ್ಡಿನ ಚಿತ್ರದಲ್ಲಿ ಆ ಕಿಟಕಿಗಳು ಬರೀ ಚುಕ್ಕಿಗಳ ಸಾಲು. ಈ ಘಟನೆ ಗೊತ್ತಾದ ಮೇಲೆ ಅವನ್ನು ಸುಮ್ನೆ ಅಲಂಕಾರ ಅಂತ ನೋಡುವುದು ಕಷ್ಟ.

ಹಡಗಿನ ಒಳಗಿನ ಕಾರ್ಡುಗಳು ಬೇರೆ ಥರ. ಬ್ರೇಮನ್‌ನ ವಾಸ್ತುಶಿಲ್ಪಿ ಯೋಹಾನ್ ಪೊಪ್ಪ ಅವರು ವಿನ್ಯಾಸ ಮಾಡಿದ ಊಟದ ಹಾಲ್‌ಗಳು, ಬಂಗಾರದ ಬಣ್ಣ, ಕೆತ್ತನೆಯ ಕಂಬ, ಬಣ್ಣದ ಗಾಜು. ಇಷ್ಟೆಲ್ಲ ಒಂಬತ್ತು ಸೆಂಟಿಮೀಟರ್ ಎತ್ತರದ ರಟ್ಟಿನ ಮೇಲೆ. ಆದರೆ ಅದೇ ಹಡಗಿನ ಕೆಳ ಅಂತಸ್ತಿನಲ್ಲಿ ಸಾವಿರಕ್ಕೂ ಹೆಚ್ಚು ವಲಸಿಗರಿಗೆ ಜಾಗ ಇತ್ತು. ಕಂಪನಿ ಬದುಕಿದ್ದು ಬಹುಮಟ್ಟಿಗೆ ಅವರ ಟಿಕೆಟ್ ದುಡ್ಡಿನ ಮೇಲೆ. ಬ್ರೇಮರ್‌ಹಾಫನ್ ಬಂದರಿನಿಂದ 1830ರಿಂದ ಈಚೆಗೆ 70 ಲಕ್ಷಕ್ಕೂ ಹೆಚ್ಚು ಜನ ಹೊರಟುಹೋದರು. ಅವರು ಮಲಗುತ್ತಿದ್ದ ಜಾಗದ ಕಂಪನಿ ಕಾರ್ಡು ಹುಡುಕಿದರೂ ಸಿಗುವುದು ಅಪರೂಪ. ಆ ಕೆಳ ದರ್ಜೆಯ ಅತ್ಯಂತ ಹೆಸರಾದ ಚಿತ್ರ ತೆಗೆದವರು ಅಮೆರಿಕದ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್. 1907ರಲ್ಲಿ ಲಾಯ್ಡ್‌ನ ‘ಕೈಸರ್ ವಿಲ್ಹೆಲ್ಮ್ II’ ಹಡಗಿನ ಮೊದಲ ದರ್ಜೆಯಲ್ಲಿ ಹೋಗುತ್ತಿದ್ದಾಗ, ಮೇಲಿನಿಂದ ಕೆಳಗೆ ನೋಡಿ ತೆಗೆದದ್ದು. ಹಡಗು ಹೊರಟಿದ್ದು ಅಮೆರಿಕಕ್ಕಲ್ಲ, ಯುರೋಪಿಗೆ. ಹೊಸ ಬದುಕು ಹುಡುಕಿ ಹೋಗುವವರ ಚಿತ್ರ ಅಂತ ಎಷ್ಟೋ ಜನ ಇವತ್ತಿಗೂ ಅಂದುಕೊಂಡಿರುವುದು ವಾಪಸ್ ಹೋಗುವವರ ಚಿತ್ರ.

ನನಗೆ ಎಲ್ಲಕ್ಕಿಂತ ಇಷ್ಟ ಮೆನು ಕಾರ್ಡುಗಳು. ಊಟದ ಪಟ್ಟಿಯ ಮೇಲ್ಭಾಗದಲ್ಲಿ ಚಿತ್ರ, ಅದರ ಕೆಳಗೆ ತೂತುಗಳ ಸಾಲು. ಊಟ ಮುಗಿಸಿ ಮೇಲ್ಭಾಗ ಹರಿದುಕೊಂಡರೆ ಅದೇ ಪೋಸ್ಟ್‌ಕಾರ್ಡು. ಒಂದು ಅಂಚು ಗರಗಸದಂತಿರುವ ಕಾರ್ಡು ಸಿಕ್ಕರೆ, ಯಾರೋ ಅದನ್ನು ಊಟದ ಮೇಜಿನಲ್ಲೇ ಹರಿದಿರುತ್ತಾರೆ.

ಹರಿದ ಕಾರ್ಡನ್ನು ಹಡಗಿನಲ್ಲೇ ಅಂಚೆಗೆ ಹಾಕಬಹುದಿತ್ತು. 1891ರಿಂದ ಬ್ರೇಮನ್–ನ್ಯೂಯಾರ್ಕ್ ದಾರಿಯ ಹಡಗುಗಳಲ್ಲಿ ‘ಡಾಯ್ಚ್-ಅಮೆರಿಕಾನಿಷ ಸೇಪೋಸ್ಟ್’ ಎಂಬ ಅಂಚೆ ಕಚೇರಿ ಇತ್ತು. ಎರಡೂ ದೇಶಗಳ ಗುಮಾಸ್ತರು ದಾರಿಯುದ್ದಕ್ಕೂ ಟಪಾಲು ವಿಂಗಡಿಸುತ್ತಿದ್ದರು. ನಡುಸಮುದ್ರದಲ್ಲಿ ಹಡಗಿನ ಬಾವುಟ ಯಾವ ದೇಶದ್ದೋ ಆ ದೇಶದ ಸ್ಟ್ಯಾಂಪು, ಬಂದರಿನಲ್ಲಿ ನಿಂತಾಗ ಆ ಊರಿನ ಸ್ಟ್ಯಾಂಪು ಅಂತ ನಿಯಮ. ಹೀಗಾಗಿ ಮುದ್ರೆ, ತಾರೀಕು, ಸ್ಟ್ಯಾಂಪು ಮೂರನ್ನೂ ಸೇರಿಸಿ ನೋಡಿದರೆ ಬರೆದವರು ಆಗ ಎಲ್ಲಿದ್ದರು ಅಂತ ಲೆಕ್ಕ ಹಾಕಬಹುದು.

ಲಾಯ್ಡ್‌ನ ಇನ್ನೊಂದು ದಾರಿ ನಮಗೆ ಹತ್ತಿರದ್ದು. 1886ರಿಂದ ಜರ್ಮನ್ ಸರ್ಕಾರದ ಸಹಾಯಧನದಲ್ಲಿ ಅದರ ಅಂಚೆ ಹಡಗುಗಳು ಸೂಯೆಜ್, ಏಡನ್, ಕೊಲಂಬೊ ಮೂಲಕ ಚೀನಾದವರೆಗೆ ಹೋಗತೊಡಗಿದವು. ಸ್ವಾಮಿ ವಿವೇಕಾನಂದರು ಪಶ್ಚಿಮದಿಂದ ಮರಳಿದ್ದು ಇದೇ ಕಂಪನಿಯ ‘ಪ್ರಿನ್ಸ್ ರೆಗೆಂಟ್ ಲೂಯಿಟ್‌ಪೋಲ್ಡ್’ ಹಡಗಿನಲ್ಲಿ. 1896ರ ಡಿಸೆಂಬರ್ 30ರಂದು ನೇಪಲ್ಸ್ ಬಿಟ್ಟು, 1897ರ ಜನವರಿ 15ಕ್ಕೆ ಕೊಲಂಬೊ ತಲುಪಿದರು. ಈ ದಾರಿಯ ಕಾರ್ಡುಗಳ ಬೆಲೆ ಅಟ್ಲಾಂಟಿಕ್‌ನವುಗಳಷ್ಟು ಸದ್ದು ಮಾಡುವುದಿಲ್ಲ. ನನ್ನನ್ನು ಕೇಳಿದರೆ ಸದ್ದು ಮಾಡಬೇಕಾದ್ದು ಇವೇ.

1914ರ ಜುಲೈ ಕೊನೆಗೆ ಈ ಹಳದಿ ಕೊಳವೆಗಳಿಗೆ ಕಪ್ಪು ಬಣ್ಣ ಬಿತ್ತು. ‘ಕ್ರೋನ್‌ಪ್ರಿನ್ಸೆಸಿನ್ ಸೆಸಿಲಿ’ ಸುಮಾರು ಒಂದು ಕೋಟಿ ಡಾಲರ್ ಬೆಲೆಯ ಚಿನ್ನ ಹೊತ್ತು ನ್ಯೂಯಾರ್ಕಿನಿಂದ ಯುರೋಪಿಗೆ ಹೊರಟಿತ್ತು. ನಡುದಾರಿಯಲ್ಲಿ ಯುದ್ಧದ ಸುದ್ದಿ ಬಂತು. ಕ್ಯಾಪ್ಟನ್ ಪೋಲಾಕ್ ಹಡಗು ತಿರುಗಿಸಿದರು. ಬ್ರಿಟಿಷ್ ನೌಕಾಪಡೆಯ ಕಣ್ಣು ತಪ್ಪಿಸಲು ಕೊಳವೆಗಳ ತುದಿಗೆ ಕಪ್ಪು ಬಳಿಸಿದರು. ದೂರದಿಂದ ಬ್ರಿಟನ್ನಿನ ‘ಒಲಿಂಪಿಕ್’ ಅಂತ ಕಾಣಲಿ ಎಂದು. ಕೊಳವೆಗಳ ನಡುವಿನ ಅಂತರ ಮಾತ್ರ ಬದಲಿಸಲಾಗಲಿಲ್ಲ! ಆಗಸ್ಟ್ 4ರ ಬೆಳಗ್ಗೆ ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್ ಎಂಬ ಸಣ್ಣ ಊರಿನ ಜನ ಎದ್ದು ನೋಡಿದರೆ ಎದುರಿಗೆ ಈ ದೈತ್ಯ. ‘ಕೈಸರ್ ವಿಲ್ಹೆಲ್ಮ್ ದೆರ್ ಗ್ರೋಸ್ಸ’ಗೆ ಅಂಥ ಅದೃಷ್ಟ ಇರಲಿಲ್ಲ. ಫಿರಂಗಿ ಹೊತ್ತು ಯುದ್ಧಕ್ಕೆ ಹೋಗಿ, ಅದೇ ಆಗಸ್ಟ್ 26ಕ್ಕೆ ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ ಮುಳುಗಿತು. ಯುದ್ಧ ಮುಗಿಯುವ ಹೊತ್ತಿಗೆ ಲಾಯ್ಡ್ ಬಳಿ ಹೇಳಿಕೊಳ್ಳುವಂಥ ಹಡಗೇ ಉಳಿದಿರಲಿಲ್ಲ.

ಕಂಪನಿ ಮತ್ತೆ ತಲೆ ಎತ್ತಿದ್ದು 1929ರ ‘ಬ್ರೇಮನ್’ ಹಡಗಿನಿಂದ. ಜುಲೈಯಲ್ಲಿ ಮೊದಲ ಪ್ರಯಾಣದಲ್ಲೇ 4 ದಿನ 17 ಗಂಟೆ 42 ನಿಮಿಷಕ್ಕೆ ಅಟ್ಲಾಂಟಿಕ್ ದಾಟಿತು. ಮಾರಿಟೇನಿಯಾ 20 ವರ್ಷ ಕಾಪಾಡಿಕೊಂಡಿದ್ದ ದಾಖಲೆ ಹೋಯಿತು. ಈ ವೇಗಕ್ಕೆ ಒಂದು ಕಾರಣ ಯಾವ ಕಾರ್ಡಿನಲ್ಲೂ ಸುಲಭಕ್ಕೆ ಕಾಣುವುದಿಲ್ಲ, ಯಾಕಂದ್ರೆ ಅದು ನೀರಿನ ಅಡಿಯಲ್ಲಿದೆ. ಮೂತಿಯ ತಳದಲ್ಲಿ ಒಂದು ಉಬ್ಬು. ಹಡಗು ನೀರನ್ನು ಸೀಳುವಾಗ ಮೂತಿಯ ಹತ್ತಿರ ಅಲೆ ಏಳುತ್ತದೆ. ಆ ಅಲೆ ಎಬ್ಬಿಸಲು ಖರ್ಚಾಗುವ ಶಕ್ತಿ ಎಂಜಿನ್ನಿನದೇ. ಉಬ್ಬು ತನ್ನದೇ ಇನ್ನೊಂದು ಅಲೆ ಎಬ್ಬಿಸುತ್ತದೆ. ಇದರ ತಗ್ಗು ಅದರ ಉಬ್ಬರದ ಮೇಲೆ ಬಿದ್ದರೆ ಎರಡೂ ತಗ್ಗುತ್ತವೆ, ಶಕ್ತಿ ಉಳಿಯುತ್ತದೆ. ಇವತ್ತು ದೊಡ್ಡ ಸರಕು ಹಡಗುಗಳಲ್ಲೂ ಇದು ಮಾಮೂಲು.

‘ಬ್ರೇಮನ್’ಗೆ ಕೊಳವೆ ಎರಡೇ, ಅವೂ ಗಿಡ್ಡ. ನೋಡಲು ಚೆಂದ, ಆದರೆ ಹೊಗೆ ಮಸಿ ಹಿಂದಿನ ಡೆಕ್ಕಿನ ಪ್ರಯಾಣಿಕರ ಮೇಲೆ ಬೀಳತೊಡಗಿತು. 1930ರ ಸುಮಾರಿಗೆ ಕೊಳವೆಗಳನ್ನು ಎತ್ತರ ಮಾಡಿದರು. ಹೀಗೆ ಗಿಡ್ಡ ಕೊಳವೆಯ ಕಾರ್ಡುಗಳು ಶುರುವಿನವು ಅಂತ ಸಂಗ್ರಹಿಸುವವರಿಗೆ ಗೊತ್ತು. ಎರಡು ಕೊಳವೆಗಳ ನಡುವೆ ಪುಟ್ಟ ವಿಮಾನ ಕಂಡರೆ ಅದು ಬಣ್ಣಗಾರರ ಕಲ್ಪನೆ ಅಲ್ಲ. ದಡ ಇನ್ನೂ ನೂರಾರು ಕಿಲೋಮೀಟರ್ ಇರುವಾಗಲೇ ಕವಣೆಯಂಥ ಯಂತ್ರ ಹೈಂಕೆಲ್ ವಿಮಾನವನ್ನು ಟಪಾಲಿನ ಸಮೇತ ಹಾರಿಸುತ್ತಿತ್ತು. ಟಪಾಲು ಹಡಗಿಗಿಂತ ಮುಂಚೆ ಊರು ಸೇರುತ್ತಿತ್ತು. 1929ರಿಂದ 1935ರವರೆಗೆ ನಡೆದ ಈ ಹಾರಾಟದ ಮುದ್ರೆ ಬಿದ್ದ ಕಾರ್ಡಿಗೆ ಇವತ್ತು ಒಳ್ಳೆಯ ಬೇಡಿಕೆ.

1935ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ನಾಜಿ ವಿರೋಧಿಗಳು ಈ ಹಡಗು ಹತ್ತಿ ಸ್ವಸ್ತಿಕ ಬಾವುಟ ಕಿತ್ತು ನದಿಗೆ ಎಸೆದರು. ಅದೇ ಸೆಪ್ಟೆಂಬರಿನಲ್ಲಿ ಜರ್ಮನಿ ಅದನ್ನೇ ದೇಶದ ಏಕೈಕ ಬಾವುಟ ಮಾಡಿತು. ಹಡಗಿನ ಹಿಂಬದಿಯ ಬಾವುಟ ನೋಡಿ ಕಾರ್ಡಿನ ವಯಸ್ಸು ಹೇಳಬಹುದಾದ ಕಾಲ ಇದು. 1941ರ ಮಾರ್ಚಿನಲ್ಲಿ ಬ್ರೇಮರ್‌ಹಾಫನ್‌ನಲ್ಲಿ ನಿಂತಿದ್ದ ‘ಬ್ರೇಮನ್’ಗೆ ಅದರ ಸಿಬ್ಬಂದಿಯ ಹುಡುಗನೊಬ್ಬ ಬೆಂಕಿ ಇಟ್ಟ. ಹಡಗು ಸುಟ್ಟುಹೋಯಿತು.

ಯುದ್ಧದ ನಂತರ ಲಾಯ್ಡ್ 1959ರಲ್ಲಿ ಒಂದು ಫ್ರೆಂಚ್ ಹಡಗನ್ನು ನವೀಕರಿಸಿ ಅದಕ್ಕೂ ‘ಬ್ರೇಮನ್’ ಅಂತಲೇ ಹೆಸರಿಟ್ಟಿತು. ಆದರೆ ಅಷ್ಟರಲ್ಲಿ ಜನ ವಿಮಾನ ಹತ್ತತೊಡಗಿದ್ದರು. 1970ರಲ್ಲಿ ನೂರು ವರ್ಷದ ಜಿದ್ದು ಬಿಟ್ಟು ಲಾಯ್ಡ್ ಮತ್ತು ಹಾಪಾಗ್ ಒಂದಾದವು. ಹಾಪಾಗ್-ಲಾಯ್ಡ್ ಎಂದು ಬರೆದ ಕಿತ್ತಳೆ ಕಂಟೇನರುಗಳನ್ನು ನಮ್ಮ ಹೆದ್ದಾರಿಗಳಲ್ಲೂ ನೋಡಬಹುದು.

1959ರ ಈ ‘ಬ್ರೇಮನ್’ ಕಾಲದ ಕಾರ್ಡುಗಳಿಂದ ಒಂದು ಉಪಕಾರವಿದೆ. 1950ರ ಸುಮಾರಿನಿಂದ ಕಾಗದ ಬೆಳ್ಳಗೆ ಕಾಣಲೆಂದು ಅದಕ್ಕೆ ಹೊಳಪಿನ ರಾಸಾಯನಿಕ ಸೇರಿಸುವುದು ಶುರುವಾಯಿತು. ಅಂಥ ಕಾಗದ ಕತ್ತಲಲ್ಲಿ ಅತಿನೇರಳೆ ಟಾರ್ಚ್ ಬಿಟ್ಟರೆ ನೀಲಿಯಾಗಿ ಹೊಳೆಯುತ್ತದೆ. 1959ರ ಹಡಗಿನ ಕಾರ್ಡು ಹೊಳೆದರೆ ಸರಿ. ‘ಕೈಸರ್’ ಹಡಗಿನ ಕಲ್ಲಚ್ಚಿನ ಕಾರ್ಡು, 1898ರದ್ದು, ಅಪರೂಪದ್ದು ಅಂತ ಮಾರುವವರು ತೋರಿಸಿದ್ದು ಹಾಗೆ ಹೊಳೆದರೆ ಅದು ಈಚೆಗೆ ಮರುಮುದ್ರಣ ಮಾಡಿದ್ದು. ದುಡ್ಡು ಕೊಡುವ ಮೊದಲು ಟಾರ್ಚ್ ಬಿಟ್ಟು ನೋಡಿ.